ತಂದೆಯವರನ್ನು ಮೊದಲು ಯಾವ ವೈದ್ಯರಿಗೆ ತೋರಿಸಬೇಕು?

ಪ್ರಶ್ನೆ (ಜಗಳೂರಿನಿಂದ):

ನಮ್ಮ ತಂದೆಯವರಿಗೆ 64 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಒಂದೂವರೆ ತಿಂಗಳಿನಿಂದ ಅಂಗಾಲು ಜೋಮು ಹಿಡಿದಂತಿರುತ್ತದೆ ಎನ್ನುತ್ತಾರೆ. ಚಪ್ಪಲಿ ಕಾಲಿನಿಂದ ಕಳಚಿದರೂ ನಾಲ್ಕು ಹೆಜ್ಜೆ ನಡೆದ ಮೇಲೆಯೇ ಅವರಿಗೆ ತಿಳಿಯುತ್ತದೆ. ಹೊಲದ ಬದು ಹತ್ತುವಾಗ ಸ್ವಲ್ಪ ಏದುಸಿರೂ ಬರುತ್ತಿದೆ. ನರರೋಗ ತಜ್ಞರಿಗೆ ತೋರಿಸಿ ಎಂದು ಒಬ್ಬರು, ಹೃದ್ರೋಗ ತಜ್ಞರಿಗೆ ತೋರಿಸಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಕಳೆದ ವಾರ ದಾವಣಗೆರೆಯ ಒಂದು ಆಸ್ಪತ್ರೆಗೆ ಮೊದಲೇ ಹೆಸರು ಬರೆಸದೆ ಹೋಗಿ, ಮಧ್ಯಾಹ್ನ ಎರಡು ಗಂಟೆಯವರೆಗೆ ಬೆಂಚಿನ ಮೇಲೆ ಕಾದ ಮೇಲೆ, ತಜ್ಞರು ಅಂದು ಬರುವುದೇ ಇಲ್ಲವೆಂದು ತಿಳಿದು ಹಿಂತಿರುಗಿದೆವು. ತಂದೆಯವರು ಮತ್ತೆ ಬರಲು ಒಪ್ಪುತ್ತಿಲ್ಲ. ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇದೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ (ನಿವೃತ್ತ ಶುಶ್ರೂಷಕಿ, ದಾವಣಗೆರೆ):

ಎರಡು ತೊಂದರೆಗಳು ಒಟ್ಟಿಗೆ ಇರುವಾಗ ನೇರವಾಗಿ ತಜ್ಞರನ್ನು ಹುಡುಕದೆ, ಮೊದಲು ಜನರಲ್ ಮೆಡಿಸಿನ್ ವಿಭಾಗದ ಫಿಜಿಷಿಯನ್ ಅವರಿಗೆ ತೋರಿಸಿ. ಜೋಮು ಸಕ್ಕರೆಯಿಂದ ನರಗಳಿಗೆ ಆದ ತೊಂದರೆಯೇ, ಏದುಸಿರು ಹೃದಯದ್ದೋ, ಮೂತ್ರಪಿಂಡದ್ದೋ, ರಕ್ತಹೀನತೆಯದ್ದೋ ಎಂಬುದನ್ನು ಒಟ್ಟಾಗಿ ನೋಡಿ, ಅಗತ್ಯವಿದ್ದರೆ ಯಾವ ತಜ್ಞರೆಂದು ಅವರೇ ಬರೆದುಕೊಡುತ್ತಾರೆ. ಜಗಳೂರಿನ ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತದೊತ್ತಡ, ಸಕ್ಕರೆ ಮತ್ತು ಇಸಿಜಿ ಮಾಡಿಸಿಕೊಂಡು ಬಂದರೆ ಅರ್ಧ ದಿನ ಉಳಿಯುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಉಪವಾಸದ ಸಕ್ಕರೆಗೆ ಮಾತ್ರ ಬೇಕು. ವೃದ್ಧರನ್ನು ಸುಮ್ಮನೆ ಹಸಿದಿರಿಸುವುದನ್ನು ವಾರ್ಡಿನಲ್ಲಿ ದಿನವೂ ನೋಡಿ ನೊಂದಿದ್ದೇನೆ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಬಾಪೂಜಿ ಆಸ್ಪತ್ರೆಯೂ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯೂ ಇವೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಒಂದು ವಿಭಾಗದ ವೈದ್ಯರನ್ನು ಯೂನಿಟ್‌ಗಳಾಗಿ ವಿಂಗಡಿಸಿ, ಪ್ರತಿ ಯೂನಿಟ್‌ಗೆ ವಾರದ ಇಂತಿಷ್ಟು ದಿನ ಒಪಿಡಿ (ಹೊರರೋಗಿಗಳ ತಪಾಸಣೆ) ಎಂದು ಗೊತ್ತುಮಾಡಿರುತ್ತಾರೆ. ನೀವು ಸೋಮವಾರ ತೋರಿಸಿದ್ದರೆ ಮರುಭೇಟಿಗೂ ಅದೇ ಯೂನಿಟ್‌ನ ದಿನವೇ ಹೋಗಬೇಕು. ಇಲ್ಲವಾದರೆ ಹೊಸ ವೈದ್ಯರ ಮುಂದೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗುತ್ತದೆ. ಚೀಟಿಯ ಮೇಲೆ ಯೂನಿಟ್ ಸಂಖ್ಯೆ ಬರೆದಿದೆಯೇ ಎಂದು ಕೌಂಟರ್ ಬಿಡುವ ಮುನ್ನ ನೋಡಿಕೊಳ್ಳಿ. ಖಾಸಗಿ ಆಸ್ಪತ್ರೆಯಾದರೆ ಹಿಂದಿನ ದಿನ ಸಂಜೆ ದೂರವಾಣಿ ಮಾಡಿ, "ನಾಳೆ ವೈದ್ಯರು ಎಷ್ಟು ಗಂಟೆಗೆ ಕೂರುತ್ತಾರೆ, ಟೋಕನ್ ಎಷ್ಟನೆಯದು" ಎಂಬ ಎರಡನ್ನೂ ಕೇಳಿ.

ಉತ್ತರ (ಹೊಳಲ್ಕೆರೆಯಿಂದ):

ಕಾರ್ಡಿನ ವಿಚಾರದಲ್ಲಿ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೆ ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ, ಖಾಸಗಿ ವೈದ್ಯರ ಸಮಾಲೋಚನಾ ಶುಲ್ಕಕ್ಕಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಪತ್ರ ಪಡೆದು ಹೋಗಬೇಕು. ತುರ್ತು ಸ್ಥಿತಿಯಲ್ಲಿ ಪತ್ರದ ಅಗತ್ಯವಿಲ್ಲ. ನಮ್ಮ ತಾಯಿಯವರ ವಿಷಯದಲ್ಲಿ ಈ ಪತ್ರವಿಲ್ಲದೆ ಹೋಗಿ ಎರಡು ಬಾರಿ ತಿರುಗಾಡಿದೆವು. ಆದ್ದರಿಂದ ಪಡಿತರ ಚೀಟಿ, ಆಧಾರ್ ಕಾರ್ಡ್, ಹಳೆಯ ವರದಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳು, ಇಷ್ಟನ್ನೂ ಒಂದೇ ಚೀಲದಲ್ಲಿಡಿ. ಮಾತ್ರೆಯ ಹೆಸರು ಹೇಳಲು ಯಾರಿಗೂ ಬರುವುದಿಲ್ಲ. ಸ್ಟ್ರಿಪ್ಪನ್ನೇ ತೋರಿಸಿದರೆ ಸಾಕು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ನಾಳೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸುತ್ತೇವೆ. ಅಲ್ಲಿಯವರೆಗೆ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ (ನಿವೃತ್ತ ಶುಶ್ರೂಷಕಿ):

ಎದೆ ಬಿಗಿದಂತಾಗುವುದು, ತಣ್ಣನೆಯ ಬೆವರು, ಮಲಗಿದಾಗ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಟೋಕನ್ ಬಗ್ಗೆ ಯೋಚಿಸದೆ 108ಕ್ಕೆ ಕರೆ ಮಾಡಿ. ಅಂಗಾಲನ್ನು ದಿನವೂ ರಾತ್ರಿ ಬೆಳಕಿನಲ್ಲಿ ನೀವೇ ನೋಡಿ, ಬೆರಳುಗಳ ಸಂದಿಯನ್ನೂ ಬಿಡಬೇಡಿ. ನೋವು ತಿಳಿಯದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಹೊಲಕ್ಕೆ ಬರಿಗಾಲಿನಲ್ಲಿ ಕಳುಹಿಸಬೇಡಿ, ಬಿಸಿನೀರಿನಲ್ಲಿ ಕಾಲು ಇಡಲು ಬಿಡಬೇಡಿ.