ಒಡೆಯರ ಗದ್ದೆ ನಮಗೆ ಬಂದದ್ದು ನ್ಯಾಯವೇ?

ಸಾಗರದವಳು:
ನಾವು ಉಣ್ಣುತ್ತಿರುವುದು ಗೇಣಿದಾರರಿಗೆ ಒಡೆತನ ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿಯಿಂದ ಅಜ್ಜನಿಗೆ ಬಂದ ಗದ್ದೆಯ ಅನ್ನ. ಗೇಣಿದಾರರು ಒಡೆತನ ಕೇಳುವ ಏಳನೇ ನಮೂನೆಯಲ್ಲಿ ಅಜ್ಜ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿ ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೆ ನಮ್ಮ ಒಡೆಯರು ದೊಡ್ಡ ಜಮೀನ್ದಾರರಲ್ಲ. ಗಂಡನಿಲ್ಲದ ಹೆಂಗಸು, ಗೇಣಿ ಭತ್ತದಲ್ಲೇ ಮಕ್ಕಳನ್ನು ಸಾಕುತ್ತಿದ್ದವರು. ಅವರ ಮೊಮ್ಮಗ ನನ್ನ ಸಹಪಾಠಿ, ನ್ಯಾಯವಾಗಿ ಗಳಿಸಿದ ಆಸ್ತಿಯನ್ನು ಸರ್ಕಾರ ಕಿತ್ತುಕೊಳ್ಳಬಾರದೆಂದ ಅಮೆರಿಕದ ತತ್ತ್ವಜ್ಞಾನಿ ನಾಜಿಕ್‌ನನ್ನು ಓದಿಕೊಂಡವನು. "ದುಡ್ಡು ಕೊಟ್ಟು ಕೊಂಡ ನೆಲವನ್ನು ಸರ್ಕಾರ ಕಿತ್ತುಕೊಂಡರೆ ಅದು ಕಳ್ಳತನವಲ್ಲದೆ ಮತ್ತೇನು?" ಎಂದ. ನಾನು ಸುಮ್ಮನಾದೆ. "ಬಡವರಿಗೆ ಒಳ್ಳೆಯದಾಯಿತಲ್ಲ" ಎಂದರೆ ಅವನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಏನು ಹೇಳಲಿ?

ಅಡಿಕೆಚಪ್ಪರ:
ಅವನು ಹೇಳಿದ್ದೇ ಸರಿ. ಕಾಯ್ದೆ ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಕೊಟ್ಟಿತು, ವಿಧವೆಯರಿಗೆ ಕೊಡಲಿಲ್ಲ. ಇದಕ್ಕೆ ಯಾವ ತತ್ತ್ವಶಾಸ್ತ್ರ ಬೇಕು?

ಹಳೆಯ ಗುಮಾಸ್ತ:
ಮಂಡಳಿಯ ಕಡತ ಹೊತ್ತು ತಿರುಗಿದವನು ನಾನು. ನಾಜಿಕ್‌ನನ್ನು ಪೂರ್ತಿ ಓದಲು ನಿಮ್ಮ ಗೆಳೆಯನಿಗೆ ಹೇಳಿ. ನಾಜಿಕ್‌ನ ಪುಸ್ತಕ ಬಂದದ್ದೂ ಅದೇ 1974ರಲ್ಲಿ, ತಮಾಷೆ ನೋಡಿ! ಹಿಂದೆ ಆಸ್ತಿ ಕೈಸೇರಿದ ಬಗೆ ಅನ್ಯಾಯದ್ದಾಗಿದ್ದರೆ ಅದನ್ನು ಸರಿಪಡಿಸಲೇಬೇಕೆಂದು ಅವನೇ ಒಪ್ಪುತ್ತಾನೆ. ಗೇಣಿ ಇಬ್ಬರು ಸಮಾನರ ನಡುವಿನ ಕರಾರಾಗಿತ್ತೇ? ನಿಮ್ಮ ಸಾಗರದ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಜಗಳ ಹತ್ತಿದ್ದೇ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಕೊಳಗ ಎಷ್ಟು ದೊಡ್ಡದಿರಬೇಕೆಂದು ಒಡೆಯನೇ ತೀರ್ಮಾನಿಸುವಾಗ ಗೇಣಿದಾರನ ಒಪ್ಪಿಗೆಗೆ ಏನು ಬೆಲೆ?

ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಕೆಲವರಿಗೆ ಇದು ಅನ್ಯಾಯವೆಂದು ಕಂಡಿತು, ನನಗೆ ಹಾಗನ್ನಿಸಲಿಲ್ಲ. ಗೇಣಿಗೆ ಚೀಟಿ ಕೊಡುವ ಒಡೆಯರೇ ಅಪರೂಪವಾಗಿದ್ದ ಕಾಲದಲ್ಲಿ ವಕೀಲನ ಕೈಗೆ ಕಾಗದ ಕೊಟ್ಟರೆ ಗೆಲ್ಲುವವನು ಕಾಗದ ಇದ್ದವನು.

ಆ ತಾಯಿಗೆ ಅನ್ಯಾಯವಾಯಿತು, ನಿಜ. ಅಲ್ಪ ಪರಿಹಾರ ಕೊಟ್ಟು ಸರ್ಕಾರ ಕೈತೊಳೆದುಕೊಂಡಿತು. ಅದಕ್ಕಾಗಿ ಸರ್ಕಾರವನ್ನು ಕೇಳಬೇಕು, ನಿಮ್ಮ ಅಜ್ಜನನ್ನಲ್ಲ.

ಕೂಲಿಯವರ ಮಗಳು:
ಒಡೆಯ, ಗೇಣಿದಾರ ಇಬ್ಬರ ಮಾತೂ ಆಯಿತು. ಆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು ಯಾರು? "ಉಳುವವನೇ ಹೊಲದೊಡೆಯ" ಎಂದು ಕೂಗಿದಾಗ ನನ್ನ ಅಮ್ಮನೂ ಕೂಗಿದ್ದಳಂತೆ. ದಿನಗೂಲಿಯವಳಿಗೆ ಏಳನೇ ನಮೂನೆ ಇರಲಿಲ್ಲ. ಗೇಣಿ ಹಿಡಿದವನಷ್ಟೇ ಉಳುವವನಾದ. ಮಿತಿ ಮೀರಿದ ಜಮೀನನ್ನು ಭೂಹೀನರಿಗೆ ಹಂಚುತ್ತೇವೆ ಎಂದರು. ನಮ್ಮ ಕೇರಿಗೆ ಒಂದು ಗುಂಟೆಯೂ ಬರಲಿಲ್ಲ. ದುಡಿಮೆಯಿಂದ ಹಕ್ಕು ಹುಟ್ಟುತ್ತದೆ ಎಂದ ಇಂಗ್ಲೆಂಡಿನ ತತ್ತ್ವಜ್ಞಾನಿ ಲಾಕ್ ಕೂಡ ತನ್ನ ಆಳು ಕಡಿದ ಹುಲ್ಲುಹೆಂಟೆ ತನ್ನದೇ ಎಂದು ಬರೆದವನು. ನಮ್ಮ ಕಾಯ್ದೆ ಅದೇ ಜಾಣತನ ಮಾಡಿತು.

ಹಳೆಯ ಗುಮಾಸ್ತ:
ಒಪ್ಪಿದೆ. ಕೂಲಿಯವರಿಗೆ ವಾಸದ ಮನೆಯ ಜಾಗದ ಹಕ್ಕು ಸಿಕ್ಕಿತು, ಹೊಲದ್ದು ಸಿಗಲಿಲ್ಲ.

ಸಾಗರದವಳು:
ಈಗ ಇನ್ನೊಂದು ಪೇಚು. ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದರಲ್ಲ, ಬೆಂಗಳೂರಿನವರೊಬ್ಬರು ನಮ್ಮ ಗದ್ದೆಗೆ ಬೆಲೆ ಕಟ್ಟಿದ್ದಾರೆ. ಅಪ್ಪನಿಗೆ ಮಾರುವ ಮನಸ್ಸಿದೆ. ಮಾರಿದರೆ ಆ ಹಣದಲ್ಲಿ ನಾಟಿಯವರಿಗೂ ಒಂದು ಪಾಲು ಸಲ್ಲಬೇಕೆಂದು ನಾನು ಹಟ ಹಿಡಿಯಬಹುದೇ? ಹಿಡಿದರೆ ಒಡೆಯರ ಮೊಮ್ಮಗನೂ ಕೈಚಾಚುತ್ತಾನಲ್ಲ?