ಟ್ಯಾಬಿನ ಗಾಜು ಒಡೆದಿದೆ, ನಮ್ಮ ಕಡೆ ಹೇಗೆ ಮಾಡಿಸುವುದು? ಅನುಭವ ಇದ್ದವರು ಹೇಳಿ

ಹೊನ್ನಾವರದಿಂದ ಪ್ರಶ್ನೆ

ಅಪ್ಪ ಯಕ್ಷಗಾನದ ಹವ್ಯಾಸಿ ಭಾಗವತರು. ಪ್ರಸಂಗಗಳನ್ನೆಲ್ಲ ಸ್ಕ್ಯಾನ್ ಮಾಡಿ ಟ್ಯಾಬಿಗೆ ಹಾಕಿಕೊಂಡಿದ್ದಾರೆ. ಯಾವ ಪದ್ಯ ಬಿಡಬೇಕು, ಎಲ್ಲಿ ರಾಗ ಬದಲಿಸಬೇಕು ಅಂತ ಪುಟಗಳ ಮೇಲೇ ಬರೆದಿಟ್ಟಿದ್ದಾರೆ. ಶ್ರುತಿಯೂ ಅದರಲ್ಲೇ. ಮೊನ್ನೆ ತಾಳಮದ್ದಲೆ ಮುಗಿದು ಎಲ್ಲರೂ ಏಳುವ ಗಡಿಬಿಡಿಯಲ್ಲಿ ಟ್ಯಾಬು ಸ್ಟ್ಯಾಂಡಿನಿಂದ ಜಾರಿ ಮೂಲೆ ಕೆಳಗಾಗಿ ಸಿಮೆಂಟಿನ ನೆಲಕ್ಕೆ ಬಿತ್ತು. ಬಲಮೂಲೆಯಿಂದ ಬಿರುಕು ಹರಡಿದೆ. ಅಕ್ಷರ ಸರಿಯಾಗಿಯೇ ಕಾಣುತ್ತದೆ. ಆದರೆ ಮೇಲ್ಗಡೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಟಚ್ ಇಲ್ಲ, ಕೆಲವು ಸಲ ಮುಟ್ಟದೇ ಇದ್ದರೂ ತನ್ನಷ್ಟಕ್ಕೆ ಏನೇನೋ ಒತ್ತಿಕೊಳ್ಳುತ್ತದೆ. ಆಂಡ್ರಾಯ್ಡ್ ಟ್ಯಾಬು, ವಾರಂಟಿ ಇನ್ನೂ ಇದೆ. ಪೇಟೆಯಲ್ಲಿ ಒಬ್ಬರು ಗ್ಲಾಸ್ ಮಾತ್ರ ಹಾಕಿದರೆ ಸಾಕು ಅಂದರು, ಇನ್ನೊಬ್ಬರು ಇದನ್ನು ಬಿಟ್ಟು ಹೊಸದೇ ತಗೊಳ್ಳಿ ಅಂದರು. ಯಾರನ್ನು ನಂಬಬೇಕು ತಿಳಿಯುತ್ತಿಲ್ಲ. ಅಪ್ಪನಿಗೆ ಟ್ಯಾಬಿಗಿಂತ ಒಳಗಿನ ಬರಹದ್ದೇ ಚಿಂತೆ.

ಕುಮಟಾದಿಂದ

ಅಕ್ಕ, ನಿಮ್ಮ ಅಪ್ಪನ ಚಿಂತೆಯೇ ಸರಿ. ಅಂಗಡಿ ಆಮೇಲೆ ಹುಡುಕಿದರಾಯಿತು, ಮೊದಲು ಒಳಗಿದ್ದದ್ದನ್ನು ಹೊರಗೆ ತೆಗೆಯಿರಿ. ಟಚ್ ಪೂರ್ತಿ ಹೋದ ಮೇಲೆ ಪಿನ್ ಹಾಕಲಿಕ್ಕೂ ಬರುವುದಿಲ್ಲ. ತನ್ನಷ್ಟಕ್ಕೆ ಒತ್ತಿಕೊಳ್ಳುವ ಟಚ್ ಅಂದರೆ ಇನ್ನೂ ಅಪಾಯ. ಅದು ತಪ್ಪು ಪಿನ್ ಒತ್ತುತ್ತಾ ಹೋದರೆ ಟ್ಯಾಬು ಲಾಕ್ ಆಗಿ ಕೂತುಬಿಡುತ್ತದೆ. ಹಾಗಾಗಿ ಕೆಲಸ ಇಲ್ಲದಾಗ ಪೂರ್ತಿ ಸ್ವಿಚ್ ಆಫ್ ಮಾಡಿಡಿ, ಪರದೆ ಆರಿಸಿದರೆ ಸಾಲದು.

ಈಗಲೇ ಮಾಡುವ ಕೆಲಸ ಇನ್ನೊಂದಿದೆ. ಪಾರ್ಸೆಲ್‌ಗೆ ಸುತ್ತುವ ಅಗಲದ ಪಾರದರ್ಶಕ ಟೇಪು ತಂದು ಬಿರುಕಿನ ಮೇಲೆ ಅಂಚಿನಿಂದ ಅಂಚಿನವರೆಗೆ ಒಂದೇ ಪದರ ಅಂಟಿಸಿ. ಬೆರಳಿಗೆ ಗಾಜಿನ ಚೂರು ಚುಚ್ಚುವುದಿಲ್ಲ, ಹವೆಯ ಪಸೆಯೂ ಒಳಗೆ ಇಳಿಯುವುದಿಲ್ಲ. ಟೇಪಿನ ಮೇಲಿಂದಲೂ ಟಚ್ ನಡೆಯುತ್ತದೆ.

ಟಚ್ ಕೈಕೊಟ್ಟ ಜಾಗಕ್ಕೆ ಮೌಸ್ ಸಾಕು. ಮೊಬೈಲ್ ಅಂಗಡಿಯಲ್ಲಿ ಓಟಿಜಿ ಅಂತ ಕೇಳಿದರೆ ಪುಟ್ಟ ಕೇಬಲ್ ಕೊಡುತ್ತಾರೆ. ಚಾರ್ಜಿಂಗ್ ಜಾಗಕ್ಕೆ ಅದನ್ನು ಹಾಕಿ ಕಂಪ್ಯೂಟರಿನ ಮಾಮೂಲಿ ಯುಎಸ್‌ಬಿ ಮೌಸ್ ಜೋಡಿಸಿದರೆ ಹೆಚ್ಚಿನ ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಪರದೆಯ ಮೇಲೆ ಬಾಣ ಬರುತ್ತದೆ. ನನ್ನ ತಮ್ಮನ ಟ್ಯಾಬಿನಲ್ಲಿ ಕೆಳಗಿನ ಅರ್ಧ ಭಾಗ ಸತ್ತುಹೋಗಿತ್ತು, ಪಿನ್ ಹಾಕಿದ್ದರಿಂದ ಹಿಡಿದು ಫೋಟೋ ಕಳಿಸಿದ್ದರವರೆಗೆ ಎಲ್ಲ ಮೌಸಿನಲ್ಲೇ ಮಾಡಿದೆವು. ಮೌಸ್ ಸಿಕ್ಕಿಸಿದಾಗ ಪೆನ್‌ಡ್ರೈವಿಗೆ ಜಾಗ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಸಿಕ್ಕಿಸುವ ಚಿಕ್ಕ ಹಬ್ ಇದ್ದರೆ ಸೈ, ಇಲ್ಲದಿದ್ದರೆ ವೈಫೈನಲ್ಲಿ ಗೂಗಲ್ ಡ್ರೈವಿಗೆ ಏರಿಸಿ.

ನಿಮ್ಮ ಅಪ್ಪನ ವಿಷಯದಲ್ಲಿ ಮುಖ್ಯವಾದದ್ದು ಇದು: ಪಿಡಿಎಫ್ ಫೈಲನ್ನು ಕಾಪಿ ಮಾಡಿದ ಮಾತ್ರಕ್ಕೆ ಮೇಲೆ ಬರೆದದ್ದೂ ಬಂತು ಅಂದುಕೊಳ್ಳಬೇಡಿ. ಕೆಲವು ಆ್ಯಪ್‌ಗಳು ಬರಹವನ್ನು ಫೈಲಿನೊಳಗೆ ಉಳಿಸುವುದಿಲ್ಲ, ತಮ್ಮ ಬಳಿಯೇ ಬೇರೆ ಇಟ್ಟುಕೊಳ್ಳುತ್ತವೆ. ಆ್ಯಪ್ ಒಳಗೆ ಹೋಗಿ ಎಕ್ಸ್‌ಪೋರ್ಟ್ ಅಥವಾ ಶೇರ್ ಕೊಟ್ಟು, ಬರಹದ ಸಮೇತ ಪಿಡಿಎಫ್ ಮಾಡಿ, ಅದನ್ನು ಬೇರೆ ಫೋನಿನಲ್ಲಿ ತೆರೆದು ನೋಡಿ. ಅಲ್ಲಿ ಅಪ್ಪನ ಅಕ್ಷರ ಕಂಡರೆ ಮಾತ್ರ ನಿಶ್ಚಿಂತೆ.

ಇನ್ನು ಒಡೆದದ್ದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಮೇಲೆ ಗಾಜು, ಅದಕ್ಕೆ ಅಂಟಿದ ಟಚ್ ಪದರ, ಅದರಡಿಗೆ ಚಿತ್ರ ಮೂಡಿಸುವ ಡಿಸ್‌ಪ್ಲೇ. ಗೆರೆ ಬಿದ್ದಿದ್ದರೆ, ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಬಂದು ದಿನದಿನಕ್ಕೆ ಹರಡುತ್ತಿದ್ದರೆ ಡಿಸ್‌ಪ್ಲೇಗೂ ಪೆಟ್ಟಾಗಿದೆ. ನಿಮ್ಮದರಲ್ಲಿ ಗಾಜು ಮತ್ತು ಟಚ್ ಹೋಗಿದೆ, ಡಿಸ್‌ಪ್ಲೇ ಉಳಿದಿದೆ ಅನಿಸುತ್ತದೆ. ಯಾವುದಾದರೂ ಆ್ಯಪಿನ ಚಿತ್ರವನ್ನು ಬೆರಳಲ್ಲಿ ಒತ್ತಿ ಹಿಡಿದು ಪರದೆಯ ಉದ್ದಗಲಕ್ಕೂ ನಿಧಾನ ಎಳೆಯಿರಿ. ಬೆರಳಿಂದ ಅದು ಕಳಚಿ ನಿಂತಲ್ಲಿ ಟಚ್ ಸತ್ತಿದೆ. ಆ ಜಾಗದ ವಿಡಿಯೋ ಮಾಡಿಟ್ಟುಕೊಂಡು ಅಂಗಡಿಗೆ ಹೋಗಿ.

ಅಂಕೋಲಾದಿಂದ

ನಾನು ಇದೇ ಕೆಲಸದಲ್ಲಿ ಇರುವವನು. ಗ್ಲಾಸ್ ಮಾತ್ರ ಸಾಕು ಅಂದವರ ಬಗ್ಗೆ ಒಂದು ಮಾತು ಹೇಳಬೇಕು.

ಹಳೆಯ ಮತ್ತು ಕಡಿಮೆ ಬೆಲೆಯ ಕೆಲವು ಟ್ಯಾಬುಗಳಲ್ಲಿ ಗಾಜು ಬೇರೆ, ಡಿಸ್‌ಪ್ಲೇ ಬೇರೆ ಇರುತ್ತದೆ, ನಡುವೆ ತೆಳು ಸಂದು. ಅಂಥದ್ದರಲ್ಲಿ ಟಚ್ ಗ್ಲಾಸ್ ಮಾತ್ರ ಬದಲಿಸುವುದು ಕಷ್ಟವಲ್ಲ, ಖರ್ಚೂ ಕಡಿಮೆ. ಈಗ ಬರುವ ಬಹಳಷ್ಟರಲ್ಲಿ ಗಾಜು, ಟಚ್, ಡಿಸ್‌ಪ್ಲೇ ಮೂರನ್ನೂ ಪಾರದರ್ಶಕ ಅಂಟಿನಲ್ಲಿ ಒಂದೇ ಹಲಗೆಯಾಗಿ ಕೂಡಿಸಿರುತ್ತಾರೆ. ನಾವು ಅದನ್ನು ಕಾಂಬೋ ಅನ್ನುತ್ತೇವೆ, ಫೋಲ್ಡರ್ ಅನ್ನುವವರೂ ಇದ್ದಾರೆ. ಅದರಿಂದ ಗಾಜನ್ನಷ್ಟೇ ಬಿಡಿಸಬೇಕೆಂದರೆ ಬಿಸಿ ಹಲಗೆಯ ಮೇಲೆ ಇಟ್ಟು ಕೂದಲೆಳೆಯಷ್ಟು ತೆಳುವಾದ ತಂತಿ ಎಳೆಯಬೇಕು, ಹಳೆ ಅಂಟು ತೆಗೆಯಬೇಕು, ಹೊಸ ಗಾಜು ಕೂರಿಸಿ ಗುಳ್ಳೆ ಹೊರಗೆ ಹಾಕಬೇಕು. ಸಣ್ಣ ಊರಿನ ಅಂಗಡಿಯಲ್ಲಿ ಆ ಯಂತ್ರ ಇದ್ದರೂ ಸಾಧಾರಣ ಫೋನಿನ ಅಳತೆಯದು. ಹತ್ತು ಇಂಚಿನ ಟ್ಯಾಬು ಅದರ ಮೇಲೆ ಕೂರುವುದಿಲ್ಲ, ದೊಡ್ಡ ಊರಿಗೆ ಕಳಿಸುತ್ತಾರೆ. ಬಿಡಿಸುವಾಗ ಅಡಿಯ ಡಿಸ್‌ಪ್ಲೇ ಒಡೆಯುವ ಸಂಭವ ಯಾವಾಗಲೂ ಇದೆ. ಹಾಗಾಗಿ ಕೊಡುವ ಮೊದಲೇ ಕೇಳಿ: ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ? ಬಿಡಿಸುವಾಗ ಡಿಸ್‌ಪ್ಲೇ ಹೋದರೆ ಖರ್ಚು ಯಾರದು? ಇದಕ್ಕೆ ನೇರ ಉತ್ತರ ಕೊಡುವವರ ಕೈಗೆ ಕೊಡಿ.

ಟ್ಯಾಬಿನ ಹೆಸರು ಹೇಳಿದರೆ ನಮಗೆ ಸಾಲುವುದಿಲ್ಲ, ಹಿಂದೆ ಸಣ್ಣಕ್ಷರದಲ್ಲಿರುವ ಮಾಡೆಲ್ ನಂಬರ್ ಬೇಕು. ಸೆಟ್ಟಿಂಗ್ಸ್‌ನಲ್ಲೂ ಸಿಗುತ್ತದೆ. ಒಂದೇ ಹೆಸರಿನಲ್ಲಿ ವೈಫೈ ಮಾತ್ರ ಇರುವುದು, ಸಿಮ್ ಹಾಕುವುದು, ಬೇರೆ ವರ್ಷದ್ದು ಅಂತ ಹಲವು ಇರುತ್ತವೆ, ಸ್ಟ್ರಿಪ್, ಅಂದರೆ ಪರದೆಯನ್ನು ಒಳಗಿನ ಬೋರ್ಡಿಗೆ ಜೋಡಿಸುವ ಚಪ್ಪಟೆ ಕೇಬಲ್, ಕೂರುವ ಜಾಗ ಬೇರೆಯಾಗಬಹುದು. ಪಾರ್ಟ್ ತರಿಸಿದ ಮೇಲೆ ಹೊಂದದಿದ್ದರೆ ನಮಗೂ ನಷ್ಟ, ನಿಮಗೂ ವಾರಗಟ್ಟಲೆ ತಡ.

ನೀವು ಮೂಲೆ ಕೆಳಗಾಗಿ ಬಿತ್ತು ಅಂದಿರಲ್ಲ, ನಾನು ಮೊದಲು ನೋಡುವುದೇ ಅದನ್ನು. ಲೋಹದ ಚೌಕಟ್ಟು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಒಳಗೆ ಬಾಗಿದ್ದರೂ ಹೊಸ ಗಾಜು ಅಲ್ಲಿ ಒತ್ತಿಕೊಂಡೇ ಕೂರುತ್ತದೆ. ಕೊಟ್ಟ ದಿನ ಚೆಂದ ಇರುತ್ತದೆ, ಆಮೇಲೆ ಚೀಲದಲ್ಲಿ ಸ್ವಲ್ಪ ಒತ್ತು ಬಿದ್ದರೂ ಅದೇ ಮೂಲೆಯಿಂದ ಗೆರೆ ಏಳುತ್ತದೆ. ಗಿರಾಕಿ ಕಾಪಿ ಮಾಲು ಹಾಕಿದ್ದಾರೆ ಅನ್ನುತ್ತಾರೆ, ಅಂಗಡಿಯವರು ನೀವೇ ಬೀಳಿಸಿದ್ದು ಅನ್ನುತ್ತಾರೆ. ಮೊದಲೇ ಮೂಲೆ ತಟ್ಟಿ ಸರಿಮಾಡಿ, ಹಳೆ ಗಾಜಿನ ಚೂರು, ಅಂಟು ಒಂದೂ ಉಳಿಯದಂತೆ ಕೆರೆದು ತೆಗೆದರೆ ಈ ಜಗಳವೇ ಬರುವುದಿಲ್ಲ. ಮೂಲೆ ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ.

ಅಂಟಿಸುವ ಮೊದಲು ಹೊಸದನ್ನು ಜೋಡಿಸಿ ಉರಿಸಿ ತೋರಿಸಲು ಕೇಳಿ. ಕುಮಟಾದವರು ಹೇಳಿದ ಹಾಗೆ ಬೆರಳೆಳೆದು ನೋಡಿ, ಪೂರ್ತಿ ಬಿಳಿ ಚಿತ್ರ ಹಾಕಿ ಕಲೆ ಇದೆಯೇ ನೋಡಿ. ಗಮ್ ಹಾಕಿದ ಮೇಲೆ ಮತ್ತೆ ಬಿಚ್ಚುವುದೆಂದರೆ ಹೊಸ ಗಾಜಿಗೇ ಅಪಾಯ. ಗಮ್ ಒಣಗುವವರೆಗೆ ಕ್ಲಿಪ್ ಅಥವಾ ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿ ಇಡಬೇಕಾಗುತ್ತದೆ. ಸಂಜೆಯೊಳಗೆ ಕೊಡಿ ಅಂತ ಅವಸರ ಮಾಡಬೇಡಿ.

ಕಾರವಾರ, ಬೈತಖೋಲದಿಂದ

ನಮ್ಮ ಬೋಟಿನಲ್ಲಿ ನಕ್ಷೆ ನೋಡಲಿಕ್ಕೆ ಒಂದು ಟ್ಯಾಬು ಇತ್ತು. ಅಂಚಿನಲ್ಲಿ ಸಣ್ಣ ಬಿರುಕು, ಕೆಲಸಕ್ಕೆ ತೊಂದರೆ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆಯಲ್ಲವೇ, ಆಗ ಮಾಡಿಸಿದರಾಯಿತು ಅಂತ ಎಲ್ಲರೂ ಅಂದೆವು. ರಜೆಯಲ್ಲಿ ಬಿಚ್ಚಿಸಿ ನೋಡಿದರೆ ಸ್ಟ್ರಿಪ್ ಕೂರುವ ಕನೆಕ್ಟರಿನ ತಾಮ್ರಕ್ಕೆ ಹಸಿರು ಕಿಲುಬು. ಪಕ್ಕದ ಸ್ಕ್ರೂ ತುಕ್ಕು ಹಿಡಿದು ತಲೆಯೇ ಸವೆದಿತ್ತು. ಗಾಜಿನ ಕೆಲಸ ಬೋರ್ಡಿನ ಕೆಲಸವಾಯಿತು. ಕಡಲ ದಂಡೆಯ ಹವೆಯಲ್ಲಿ ಉಪ್ಪು ಇದೆ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ತೆರೆದ ಬಿರುಕಿನೊಳಗೆ ಅದು ಇಳಿಯದೇ ಇರುತ್ತದೆಯೇ? ಬಯಲುಸೀಮೆಯವರು ಬಿರುಕು ಇಟ್ಟುಕೊಂಡು ವರ್ಷಗಟ್ಟಲೆ ನಡೆಸಿದ್ದನ್ನು ನೋಡಿ ನಾವು ಹಾಗೆ ಮಾಡಬಾರದು. ಟೇಪು ಇವತ್ತೇ ಹಾಕಿ.

ನೀರೇ ಹೋದರೆ ಅಕ್ಕಿಯಲ್ಲಿ ಹುಗಿಯಬೇಡಿ. ಅಕ್ಕಿ ಉಪ್ಪನ್ನು ಎಳೆದು ತೆಗೆಯುವುದಿಲ್ಲ, ಧೂಳು ಬೇರೆ ಸಂದಿಗೆ ಹೋಗುತ್ತದೆ. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಬೇಗ ಬಿಚ್ಚಿಸಿ ಒಳಗೆ ಸ್ವಚ್ಛ ಮಾಡಿಸುವುದೊಂದೇ ದಾರಿ.

ಸಿದ್ದಾಪುರದಿಂದ

ಐಪ್ಯಾಡ್ ಇರುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. 2021ರಲ್ಲಿ ಬಂದ ಒಂಬತ್ತನೇ ತಲೆಮಾರಿನ ಸಾದಾ ಐಪ್ಯಾಡಿನಲ್ಲಿ ಗಾಜು ಮತ್ತು ಡಿಸ್‌ಪ್ಲೇ ಬೇರೆ ಬೇರೆ. ಗಾಜು ಮಾತ್ರ ಹಾಕಿಸಬಹುದು, ನಮ್ಮ ಮನೆಯದಕ್ಕೆ ಹಾಗೆಯೇ ಆಯಿತು. 2014ರ ಏರ್ 2ರಿಂದ ಈಚೆಯ ಏರ್‌ಗಳು ಮತ್ತು ಪ್ರೋಗಳು ಒಂದೇ ಹಲಗೆ, ಅಲ್ಲಿ ಖರ್ಚು ಬಹಳ. ಈ ಒಂಬತ್ತನೇ ತಲೆಮಾರಿನ ಐಪ್ಯಾಡಿನ ಹೋಮ್ ಬಟನ್ ಒಡೆದ ಗಾಜಿನ ಜೊತೆಗೇ ಬರುತ್ತದೆ. ಬೆರಳಚ್ಚು ಓದುವ ಆ ಬಟನ್ ಒಳಗಿನ ಬೋರ್ಡಿಗೆ ಕಟ್ಟಿಹಾಕಿದ್ದು, ಬೇರೆ ಬಟನ್ ಹಾಕಿದರೆ ಬೆರಳಚ್ಚು ನಡೆಯುವುದಿಲ್ಲ. ಹಳೆಯದನ್ನೇ ಹುಷಾರಾಗಿ ಬಿಡಿಸಿ ಹೊಸ ಗಾಜಿಗೆ ಕೂರಿಸಲು ಹೇಳಿ.

ಘಟ್ಟದ ಮೇಲಿನವರು ಇಂಥದ್ದಕ್ಕೆ ಸಾಮಾನ್ಯವಾಗಿ ಹುಬ್ಬಳ್ಳಿಗೆ ಹೋಗುತ್ತೇವೆ, ಕಾರವಾರದವರಿಗೆ ಮಡಗಾಂವ್ ಹತ್ತಿರ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಅಂತ ಬಸ್ಸು ಹತ್ತುವ ಮೊದಲು ಫೋನ್ ಮಾಡಿ, ಟ್ಯಾಬು ತೆಗೆದುಕೊಳ್ಳುತ್ತೀರಾ, ಈ ಮಾಡೆಲಿನ ಪಾರ್ಟ್ ಇದೆಯಾ ಅಂತ ಎರಡನ್ನೂ ಕೇಳಿ. ಫೋನ್ ಮಾತ್ರ ನೋಡುವ ಕೌಂಟರುಗಳೂ ಇವೆ.

ಹೊನ್ನಾವರದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಟೇಪು ಹಾಕಿದೆ. ಮೌಸ್ ಕೆಲಸ ಮಾಡಿತು. ಕುಮಟಾದವರು ಹೇಳಿದ್ದು ನಿಜ, ಫೈಲ್ ಕಾಪಿ ಮಾಡಿ ನನ್ನ ಫೋನಿನಲ್ಲಿ ತೆರೆದರೆ ಬರೀ ಪ್ರಸಂಗ, ಅಪ್ಪ ಬರೆದದ್ದು ಒಂದೂ ಇಲ್ಲ! ಆ್ಯಪ್ ಒಳಗಿಂದ ಎಕ್ಸ್‌ಪೋರ್ಟ್ ಕೊಟ್ಟ ಮೇಲೆ ಎಲ್ಲ ಬಂತು. ಮೂಲೆಯೂ ಬಾಗಿದೆ, ಉಗುರು ಎಳೆದರೆ ತಿಳಿಯುತ್ತದೆ. ನಮ್ಮದು ಕಾಂಬೋ ಅಂತೆ. ಕಾಪಿ ಮಾಲಿಗೂ ಒರಿಜಿನಲ್‌ಗೂ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ ಹೇಳುತ್ತಿದ್ದಾರೆ. ಯಾವುದು ಹಾಕಿಸಲಿ? ವಾರಂಟಿಯಲ್ಲಿ ಆಗುವುದಿಲ್ಲವೇ?

ಶಿರಸಿಯಿಂದ

ತಂಗಿ, ಬಿದ್ದು ಒಡೆದದ್ದಕ್ಕೆ ಮಾಮೂಲಿ ವಾರಂಟಿ ಬರುವುದಿಲ್ಲ. ಕೊಳ್ಳುವಾಗ ಬೀಳುವಿಕೆಗೆ ಬೇರೆ ಹಣ ಕೊಟ್ಟು ರಕ್ಷಣೆ ಪಡೆದಿದ್ದರೆ ಮಾತ್ರ. ಹಳೆ ಬಿಲ್ಲಿನ ಅಡಿಗೆ ಅಂಥ ಸಾಲು ಇದೆಯೇ ನೋಡಿ, ಅಂಗಡಿಯವರು ಸೇರಿಸಿದ್ದು ನಮಗೇ ನೆನಪಿರುವುದಿಲ್ಲ. ಆದರೆ ಹೊರಗೆ ಬಿಚ್ಚಿಸಿದರೆ ಉಳಿದ ವಾರಂಟಿಗೆ ಕಂಪನಿ ತಕರಾರು ತೆಗೆಯಬಹುದು. ಅದು ಇನ್ನೂ ಬಹಳ ತಿಂಗಳಿದ್ದರೆ ಅಧಿಕೃತ ಸೆಂಟರಿನ ದರವನ್ನೂ ಕೇಳಿಯೇ ಮುಂದುವರಿಯಿರಿ.

ಕಾಪಿ ಎಲ್ಲರಿಗೂ ಬೇಡ ಅಂತ ನಾನು ಹೇಳುವುದಿಲ್ಲ. ಮಕ್ಕಳು ಪಾಠದ ವಿಡಿಯೋ ನೋಡುವುದಕ್ಕೆ ಸಾಕಾಗುತ್ತದೆ. ಭಾಗವತರ ಬಳಕೆ ಬೇರೆ. ಟ್ಯಾಬು ಎದುರಿಗೆ ಓರೆಯಾಗಿ ಇರುತ್ತದೆ, ಮೇಲಿಂದ ದೀಪದ ಬೆಳಕು, ಕೈಯಲ್ಲಿ ತಾಳ, ಓರೆಗಣ್ಣಲ್ಲೇ ಮುಂದಿನ ಪದ್ಯ ಹಿಡಿಯಬೇಕು. ಕಾಪಿ ಡಿಸ್‌ಪ್ಲೇಯನ್ನು ಓರೆಯಿಂದ ನೋಡಿದರೆ ಬಣ್ಣ ಮಾಸುವುದು, ಬೆಳಕು ಕಡಿಮೆಯಾಗುವುದು ಸಾಮಾನ್ಯ. ಪುಟ ತಿರುಗಿಸಲು ಮುಟ್ಟಿದಾಗ ಅರೆಗಳಿಗೆ ತಡವಾದರೂ ಹಾಡುವವರಿಗೆ ತೊಡಕು. ಒರಿಜಿನಲ್ ಹಾಕಿಸಲು ಆಗುವ ಖರ್ಚು ಇಂಥದೇ ಹೊಸ ಟ್ಯಾಬಿನ ಅರ್ಧ ಬೆಲೆಯ ಒಳಗಿದ್ದರೆ ಒರಿಜಿನಲ್ಲೇ ಹಾಕಿಸಿ. ಅರ್ಧ ದಾಟಿದರೆ, ಬ್ಯಾಟರಿಯೂ ಇಳಿದಿದ್ದರೆ, ಹೊಸದಕ್ಕೆ ಹೋಗುವುದೇ ಮೇಲು. ಅಪ್ಪನ ಬರಹ ಹೇಗೂ ಕೈಯಲ್ಲಿದೆ.

ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ, ಬ್ಯಾಂಕ್ ಮತ್ತು ಹಣ ಕಳಿಸುವ ಆ್ಯಪ್‌ಗಳಿಂದ ಹೊರಬನ್ನಿ. ಪಿನ್ ಕೇಳಿದರೆ ಹೇಳಬೇಡಿ, ಟೆಸ್ಟ್ ಮಾಡುವಾಗ ಎದುರಿಗೇ ನಿಂತು ನೀವೇ ಹಾಕಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಹಾಕಿದ ಪಾರ್ಟ್ ಒರಿಜಿನಲ್ಲೋ ಕಾಪಿಯೋ, ಪಾರ್ಟಿಗೆ ಎಷ್ಟು ತಿಂಗಳ ಗ್ಯಾರಂಟಿ ಅನ್ನುವುದನ್ನು ಬರೆಸಿಕೊಳ್ಳಿ. ಒರಿಜಿನಲ್ ದುಡ್ಡು ಪಡೆದು ಕಾಪಿ ಹಾಕಿದ್ದು ಗೊತ್ತಾದರೆ ಆ ಬಿಲ್ಲೇ ಆಧಾರ. ಮೊದಲು ಅಂಗಡಿಯವರ ಹತ್ತಿರವೇ ಮಾತಾಡಿ, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲಿಯೇ ಇದೆ.