ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಕಾರಿನ ವಿಂಗ್ (ಹಿಂಬದಿಯ ರೆಕ್ಕೆ) ನಿಜಕ್ಕೂ ಎಷ್ಟು ಗ್ರಾಂ ಒತ್ತುತ್ತದೆ?

ಕುಂಬಳೆ_ಆರ್‌ಸಿ:
1:10 ಟೂರಿಂಗ್ ಕಾರು, 1.4 ಕೆಜಿ, ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 257 ಮಿಮೀ. ವಿಂಗ್ 18 ಸೆಂಮೀ ಉದ್ದ, 4 ಸೆಂಮೀ ಅಗಲ, ಹಿಂದಿನ ಆಕ್ಸಲ್‌ನಿಂದ 6 ಸೆಂಮೀ ಹಿಂದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಟೇಬಲ್ ಫ್ಯಾನ್ ಬಿಟ್ಟರೆ (ಸೆಕೆಂಡಿಗೆ 5 ಮೀಟರ್) ಒಮ್ಮೆ 4 ಗ್ರಾಂ, ಒಮ್ಮೆ 9. 60 ಕಿಮೀ ವೇಗಕ್ಕೆ ಗುಣಿಸಿದರೆ 45ರಿಂದ 100 ಗ್ರಾಂ. ಯಾವುದನ್ನು ನಂಬುವುದು ಮಾರಾಯ್ರೆ?

ಬದಿಯಡ್ಕದವ:
ಎರಡನ್ನೂ ಬೇಡ. ಮೊದಲು ಲೆಕ್ಕ: ½ × ಗಾಳಿಯ ಸಾಂದ್ರತೆ × ವೇಗದ ವರ್ಗ × ವಿಸ್ತೀರ್ಣ × ಲಿಫ್ಟ್ ಗುಣಾಂಕ (ವಿಂಗ್‌ನ ಆಕಾರ, ಕೋನಕ್ಕೆ ತಕ್ಕ ಅಂಕಿ). ನಮ್ಮ ಸೆಕೆಗೆ ಸಾಂದ್ರತೆ 1.15 ಹಿಡಿಯಿರಿ, ಪುಸ್ತಕದ 1.225 ಅಂದರೆ 15 ಡಿಗ್ರಿಯ ಗಾಳಿ, ಇಲ್ಲೆಲ್ಲಿದೆ ಅದು! 60 ಕಿಮೀ ಅಂದರೆ ಸೆಕೆಂಡಿಗೆ 16.7 ಮೀಟರ್, ವಿಸ್ತೀರ್ಣ 0.0072 ಚದರ ಮೀಟರ್, ಗುಣಾಂಕ 0.8. ಬಂತು 0.92 ನ್ಯೂಟನ್, ಅಂದಾಜು 94 ಗ್ರಾಂ. ಆದರೆ ಬಾಡಿಯ ಮರೆಯಲ್ಲಿ ಗಾಳಿ ನಿಧಾನ. 80% ವೇಗವಷ್ಟೇ ವಿಂಗ್‌ಗೆ ಮುಟ್ಟಿದರೆ ಒತ್ತು 64%ಕ್ಕೆ ಇಳಿದು 60 ಗ್ರಾಂ. ಸ್ಟ್ಯಾಂಡ್ ಎತ್ತರಿಸಿದರೆ ಲಾಭ ಯಾಕೆಂದು ಇಲ್ಲೇ ಗೊತ್ತಾಗುತ್ತದೆ.

ಫ್ಯಾನಿನ ಅಂಕಿಯನ್ನು ಗುಣಿಸುವುದೇ ತಪ್ಪು. ರೆನಾಲ್ಡ್ಸ್ ಸಂಖ್ಯೆ (ವೇಗ, ವಿಂಗ್‌ನ ಅಗಲ, ಗಾಳಿಯ ಸ್ನಿಗ್ಧತೆಯಿಂದ ಹರಿವಿನ ಸ್ವಭಾವ ಹೇಳುವ ಅಂಕಿ) ಫ್ಯಾನಿನೆದುರು 12,500, ರಸ್ತೆಯಲ್ಲಿ 42,000. ಇಷ್ಟು ಕೆಳಗೆ ದಪ್ಪ ವಿಂಗ್‌ನ ಅಡಿಯಿಂದ ಗಾಳಿ ಬೇಗ ಕಳಚಿಕೊಳ್ಳುತ್ತದೆ, ಗುಣಾಂಕವೇ ಬೇರೆಯಾಗುತ್ತದೆ.

ಉಪ್ಪಳ_ಟ್ರ್ಯಾಕ್:
ಅಂಕಿ ಕುಣಿಯುವುದು ಫ್ಯಾನಿನ ಸುತ್ತುಗಾಳಿಯಿಂದ. ಜ್ಯೂಸ್ ಸ್ಟ್ರಾಗಳನ್ನು ಕಟ್ಟಾಗಿ ಜೋಡಿಸಿ ಫ್ಯಾನಿನೆದುರು ನಿಲ್ಲಿಸಿ, ತಕ್ಕಡಿ ತಟ್ಟೆಗೆ ಗಾಳಿ ತಾಗದಂತೆ ರಟ್ಟು ಅಡ್ಡ ಇಡಿ. ಆಮೇಲೆ ವಿಂಗನ್ನು ಸರಿಯಾಗಿ ಕೂರಿಸಿ ಒಮ್ಮೆ, ಅಷ್ಟೇ ಕೋನದಲ್ಲಿ ಬುಡಮೇಲು ಮಾಡಿ ಒಮ್ಮೆ ಓದಿ. ವ್ಯತ್ಯಾಸದ ಅರ್ಧವೇ ವಿಂಗ್‌ನದು. ಬಾಡಿಯ ಪಾಲು ಹೆಚ್ಚುಕಡಿಮೆ ಕಳೆದುಹೋಗುತ್ತದೆ. ಎರಡು ವಿಂಗ್‌ಗಳನ್ನು ಹೋಲಿಸಲು ಇದು ಧಾರಾಳ ಸಾಕು.

ಅಡಿಕೆ ಅಂಗಳದಲ್ಲಿ ಕಾರನ್ನು ವೃತ್ತಾಕಾರ ಓಡಿಸಿ ಅಳೆಯಲು ಹೋಗಬೇಡಿ. 3 ಮೀಟರ್ ತ್ರಿಜ್ಯದಲ್ಲಿ 18 ಕಿಮೀ ಹತ್ತಿರ ಟೈರ್ ಜಾರುತ್ತದೆ, ಆಗ ವಿಂಗ್ ಒತ್ತುವುದು ಹೆಚ್ಚೆಂದರೆ 8 ಗ್ರಾಂ.

ಬದಿಯಡ್ಕದವ:
ಇನ್ನೊಂದು ಬಿಟ್ಟುಹೋಯಿತು. ವಿಂಗ್ ಆಕ್ಸಲ್‌ಗಿಂತ ಹಿಂದಿರುವುದರಿಂದ ಏತದ ಹಾಗೆ ಮುಂಭಾಗ ಎದ್ದೇಳುತ್ತದೆ. 94 ಗ್ರಾಂಗೆ ಹಿಂದಿನ ಚಕ್ರಗಳ ಮೇಲೆ 116 ಹೆಚ್ಚು, ಮುಂದೆ 22 ಕಡಿಮೆ. ವಿಂಗ್ ಹಾಕಿದ ಮೇಲೆ ತಿರುವಿನಲ್ಲಿ ಮೂತಿ ಹೊರಗೆ ಎಳೆದರೆ ಕಾರಣ ಅದೇ.

ಕುಂಬಳೆ_ಆರ್‌ಸಿ:
ತೆಳು ವಿಂಗ್ ಬೇಕಾದರೆ ಅಡಿಕೆ ಹಾಳೆಯಲ್ಲೇ ಕತ್ತರಿಸಬಹುದಲ್ಲ?

ಉಪ್ಪಳ_ಟ್ರ್ಯಾಕ್:
ಬಾಗು ಚಂದವೇ. ಆದರೆ ಮಳೆಗಾಲದ ತಂಡಿಗೆ ಸೊಟ್ಟಗಾಗುತ್ತದೆ. ಕೋನ 2 ಡಿಗ್ರಿ ತಪ್ಪಿದರೆ ಗುಣಾಂಕ 0.15 ತಪ್ಪಿತು. 1 ಮಿಮೀ ಪಾಲಿಕಾರ್ಬೊನೇಟ್ ಹಾಕಿ.